ಮರಿಗೆ ಹಂಚಿಕೆ ಇಲ್ಲ

ಡಾಕ್ಟರು ಚೀಲ ಹಿಡಿದು ಬಂದಾಗ ತಾಳೆ ಸಾಗಣೆ ಪೆಟ್ಟಿಗೆಯೊಳಗೆ ಮಂಡಿಯೂರಿ ಕೂತು ಒಣಹುಲ್ಲು ಹರಡುತ್ತಿದ್ದಳು. ತಾಳೆ ಎಂಬುದು ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಪ್ರತಿ ಅಗುಳಿಯನ್ನೂ ಎರಡು ಸಲ ಎಳೆದು ನೋಡುವ, ತೂಗಿಟ್ಟ ಮೇವನ್ನು ಮತ್ತೆ ತೂಗುವ, ಆಡಿದ ಮಾತನ್ನು ಮನೆಗೆ ಹೋದ ಮೇಲೂ ತಾಳೆ ನೋಡುತ್ತ ಕೂರುವ ಹೆಂಗಸಿಗೆ ಮೃಗಾಲಯದವರು ಕೊಟ್ಟ ಅಡ್ಡಹೆಸರು ಅದು. ಅವಳು ಮರದ ಹಾಗೆ ಎತ್ತರವೂ ಇದ್ದುದರಿಂದ ಹೆಸರು ಎರಡು ಕಡೆಯಿಂದಲೂ ಒಪ್ಪಿತ್ತು.

ಮೃಗಾಲಯ ಮುಚ್ಚುತ್ತಿತ್ತು. ಆ ಜಾಗ ಬೇರೆ ಯಾವುದಕ್ಕೋ ಬೇಕಾಗಿತ್ತು. ಹಕ್ಕಿಗಳ ಪಂಜರಗಳು ಬರಿದಾಗಿದ್ದವು. ಕೋತಿಗಳ ಮನೆಯಲ್ಲಿ ಹಗ್ಗಗಳು ಸುಮ್ಮನೆ ಜೋತಾಡುತ್ತಿದ್ದವು. ತಾಳೆಯ ಪಾಲಿಗೆ ಇದ್ದದ್ದು ಸುರುಳಿಕೊಂಬಿನ ಹುಲ್ಲೆಗಳು. ಪೊದೆಯೊಳಗೆ ಅಡಗಿ ಬದುಕುವ ಜೀವಗಳಾದ್ದರಿಂದ ಅವನ್ನು ಪೊದೆಹುಲ್ಲೆ ಎನ್ನುತ್ತಿದ್ದರು. ಒಂದು ಗಂಡು, ಒಂದು ಹೆಣ್ಣು, ಮೊಲೆ ಬಿಟ್ಟರೂ ತಾಯಿಯ ಬೆನ್ನು ಬಿಡದ ಒಂದು ಹೆಣ್ಣುಮರಿ. ಗಂಡನ್ನು ಆ ಬೆಳಿಗ್ಗೆಯೇ ಪಶ್ಚಿಮ ಉದ್ಯಾನದ ಲಾರಿ ಒಯ್ದಿತ್ತು. ತಾಯಿಗಾಗಿ ಬಂದ ದಕ್ಷಿಣ ಉದ್ಯಾನದ ಲಾರಿ ಹಿಂಬಾಗಿಲಲ್ಲಿ ಕಾಯುತ್ತಿತ್ತು. ಜೋಡಿಯನ್ನು ಹೀಗೆ ಒಡೆದದ್ದು ಅವಳಿಗೆ ಸಂಕಟವಾಗಿತ್ತು. ಆದರೆ ದೊಡ್ಡವರು ಪುಸ್ತಕ ನೋಡಿಯೇ ಮಾಡಿರಬೇಕು ಎಂದುಕೊಂಡು ಸುಮ್ಮನಿದ್ದಳು.

"ಮರಿ ಎಲ್ಲಮ್ಮಾ?" ಎಂದರು ಡಾಕ್ಟರು.

"ಪೊದೆ ಹಿಂದೆ ಮಲಗಿದೆ ಸಾರ್. ಹೊರಡೋಕೆ ಮುಂಚೆ ಒಂದು ಸಲ ನೋಡಿಬಿಡಿ. ಅದರ ಪೆಟ್ಟಿಗೇನೇ ಇನ್ನೂ ಬಂದಿಲ್ಲ. ಕೇಳಿದಾಗೆಲ್ಲ ಬರುತ್ತೆ ಬರುತ್ತೆ ಅಂತಾರೆ. ಮೊದಲೇ ತಂದಿಟ್ಟು ಒಳಗೆ ಮೇವು ಹಾಕಿ ಅಭ್ಯಾಸ ಮಾಡಿಸದೆ ಇದ್ರೆ ಇವು ಹತ್ತಲ್ಲ ಸಾರ್, ಬೇಲಿಗೆ ಹೊಡಕೊಂಡು ಸಾಯ್ತವೆ."

ಡಾಕ್ಟರು ಚೀಲವನ್ನು ಕೆಳಗಿಡಲಿಲ್ಲ. "ಅದಕ್ಕೆ ಪೆಟ್ಟಿಗೆ ಬರಲ್ಲ" ಎಂದರು. "ಹಂಚಿಕೆ ಇಲ್ಲದ್ದನ್ನ ಇಲ್ಲೇ ಮುಗಿಸಿ ಅಂತ ಹೇಳಿದಾರೆ. ನಿನ್ನೆ ಆ ಮುದಿ ಕರಡೀದು ಆಯ್ತು. ಇದೊಂದು ಉಳಿದಿದೆ."

ತಾಳೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಪೆಟ್ಟಿಗೆಯಿಂದ ಹೊರಬರಲು ಹೋಗಿ ತಲೆ ಚೌಕಟ್ಟಿಗೆ ಬಡಿಯಿತು.

"ಹಂಚಿಕೆ ಇಲ್ಲ ಅಂತ ಯಾರು ಸಾರ್ ಹೇಳಿದ್ದು?"

"ನೀವೇ ಹೇಳಿದ್ರಂತಲ್ಲ. ಫೋನಲ್ಲಿ."

ಹೌದು, ಅವಳೇ ಹೇಳಿದ್ದಳು.

ಮುಚ್ಚುವ ಕೆಲಸ ನೋಡಿಕೊಳ್ಳಲು ಟಿಕೆಟ್ ಕೊಡುವ ಕಟ್ಟಡದಲ್ಲೇ ಒಂದು ಕಚೇರಿ ತೆರೆದಿದ್ದರು. ಅಲ್ಲಿನ ಗುಮಾಸ್ತೆ ಬೇರೆ ಯಾರೂ ಅಲ್ಲ, ತಾಳೆಯ ಗಂಡನ ಅಕ್ಕ. ಹೋದ ತಿಂಗಳು ಅತ್ತಿಗೆ ಫೋನ್ ಮಾಡಿದಾಗ ತಾಳೆ ಸಂಜೆ ಕಾಲೇಜಿಗೆ ಹೊರಟು ಬಸ್ಸಿಗೆ ಕಾಯುತ್ತಿದ್ದಳು.

"ನಿನ್ನ ಹುಲ್ಲೆಗಳದ್ದು ವರ್ಗ ಎಲ್ಲಿಗೆ, ಹಂಚಿಕೆ ಎಲ್ಲಿಗೆ, ಪಟಪಟ ಹೇಳೇ. ಸಾಕೋರನ್ನೇ ಕೇಳಿ ಬರ್ಕೋ ಅಂದಿದಾರೆ ಸಾಹೇಬರು."

ಬಸ್ಸುಗಳ ಗದ್ದಲದಲ್ಲಿ 'ಎಲ್ಲಿಗೆ' ಎಂಬುದು ಕಿವಿಗೆ ಬೀಳಲಿಲ್ಲ. ಬಿದ್ದದ್ದು ಎರಡೇ ಮಾತು, ವರ್ಗ ಮತ್ತು ಹಂಚಿಕೆ. ಅವಳ ಮೈ ಜುಮ್ಮೆಂದಿತು. ಆ ವಾರ ತರಗತಿಯಲ್ಲಿ ನಡೆಯುತ್ತಿದ್ದ ಪಾಠವೇ ಅದು. ಕಚೇರಿಯಲ್ಲಿ ವರ್ಗ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುವುದು, ಹಂಚಿಕೆ ಎಂದರೆ ಯಾರಿಗೆ ಯಾವುದು ಎಂದು ಪಾಲು ಮಾಡುವುದು. ತರಗತಿಯಲ್ಲಿ ವರ್ಗ ಎಂದರೆ ಪ್ರಾಣಿ ಯಾವ ಗುಂಪಿಗೆ ಸೇರಿದ್ದು ಎಂಬುದು. ಹಂಚಿಕೆ ಎಂದರೆ ಅದು ಭೂಮಿಯ ಮೇಲೆ ಎಲ್ಲೆಲ್ಲಿ ಸಹಜವಾಗಿ ಬದುಕುತ್ತದೆ ಎಂಬುದು. ಇಷ್ಟು ವರ್ಷದ ಕೆಲಸದಲ್ಲಿ ಅವಳನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ.

"ಸಸ್ತನಿ ವರ್ಗ ಅತ್ತಿಗೆ."

"ಏ, ತಮಾಷೆಗೆ ಹೊತ್ತಿಲ್ಲ ನಂಗೆ. ಹಂಚಿಕೆ ಹೇಳು. ಗಂಡು?"

"ಪಶ್ಚಿಮ."

"ಹೆಣ್ಣು?"

"ದಕ್ಷಿಣ. ಪೂರ್ವಾನೂ ಸ್ವಲ್ಪ ಬರುತ್ತೆ."

"ಒಂದು ಹೇಳೇ ಮಾರಾಯ್ತಿ."

"ದಕ್ಷಿಣ."

"ಮರಿ?"

ಆಗ ಅವಳು ಯೋಚಿಸಿದ್ದಳು. ಚೆನ್ನಾಗಿಯೇ ಯೋಚಿಸಿದ್ದಳು. ಗಂಡಿನ ಹಿರಿಯರು ಆಫ್ರಿಕಾದ ಪಶ್ಚಿಮದ ಕಡೆಯವು. ಕೆಂಪು ಮೈ, ಬೆನ್ನಿನಿಂದ ಹೊಟ್ಟೆಗೆ ಇಳಿದ ಬಿಳಿ ಗೀರುಗಳು. ಹೆಣ್ಣಿನವು ದಕ್ಷಿಣದ ಕಡೆಯವು. ಗೀರು ಕಡಿಮೆ, ಚುಕ್ಕೆಗಳು ಅಲ್ಲೊಂದು ಇಲ್ಲೊಂದು. ಇವೆರಡೂ ಕೂಡಿದ್ದು ಈ ಮೃಗಾಲಯದ ಅಂಗಳದಲ್ಲಿ. ಹುಟ್ಟಿದ ಮರಿಗೆ ಇಂಥ ಕಾಡು ಎಂದು ತೋರಿಸಲು ಭೂಮಿಯ ಮೇಲೆ ಜಾಗವೇ ಇಲ್ಲ.

"ಮರಿಗೆ ಹಂಚಿಕೆ ಇಲ್ಲ ಅತ್ತಿಗೆ."

"ಇಲ್ವಾ? ಸರಿಯಾಗಿ ನೋಡಿ ಹೇಳು."

"ಇಲ್ಲ. ಎರಡು ಸಲ ನೋಡಿದೀನಿ."

ಆ ಸಂಜೆಯೆಲ್ಲ ಅವಳು ಖುಷಿಯಾಗಿದ್ದಳು.

ಈಗ ಡಾಕ್ಟರ ಮುಂದೆ ನಿಂತು ಆ ಮಾತುಗಳನ್ನು ಒಂದೊಂದಾಗಿ ಹೇಳತೊಡಗಿದಳು. ಡಾಕ್ಟರು ಅರ್ಧ ಕೇಳಿ ಕಣ್ಣು ಮುಚ್ಚಿದರು.

"ನಿಮ್ಮ ಮಾತು ಸುಳ್ಳು ಅನ್ನಲ್ಲಮ್ಮ. ಆದರೆ ತಿದ್ದೋ ಅಧಿಕಾರ ನನ್ನ ಹತ್ರ ಇಲ್ಲ. ನಾಳೆಯಿಂದ ಇಲ್ಲಿ ನೀರೂ ಇರಲ್ಲ, ಮೇವೂ ಇರಲ್ಲ. ಉಪವಾಸ ಕೆಡವೋದಕ್ಕಿಂತ ಸೂಜಿ ಮೇಲು." ಗಡಿಯಾರ ನೋಡಿ, "ಹೋಗಿ ಟೀ ಕುಡಿದು ಬರ್ತೀನಿ. ಟೀ ಬಿಸಿ ಇದ್ರೆ ನಾನು ನಿಧಾನಕ್ಕೆ ಕುಡಿಯೋನು" ಎಂದರು.

ಬೀಗದಕೈಗೊಂಚಲು ಹೊತ್ತು ತಿರುಗುವ ಹಿರಿಯ ಕೆಲಸಗಾರ ಬೀಗದಣ್ಣ ಬೇಲಿಯಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ.

"ಅಣ್ಣಾ, ನಾನು ಬರೋವರೆಗೂ ಒಳಗೆ ಯಾರನ್ನೂ ಬಿಡಬೇಡ."

"ಡಾಕ್ಟರನ್ನೂನಾ?"

"ಡಾಕ್ಟರನ್ನೇ!"

"ಹೋಗು. ಬೀಗದ ಕೈ ಎಲ್ಲಿಟ್ಟೆ ಮರ್ತೆ ಅಂತೀನಿ. ಕೆಲಸ ಹೋಗೋ ದಿನಾನೂ ಮರೆಯದೆ ಇದ್ರೆ ಇನ್ನು ಯಾವತ್ತು ಮರೆಯೋದು?"

ಅವಳು ಓಡಿದಳು. ಖಾಲಿ ಪಂಜರಗಳ ನಡುವಿನ ದಾರಿ ಎಂದಿಗಿಂತ ಉದ್ದವಾಗಿತ್ತು. ಓಡುವಾಗಲೂ ತಲೆಯಲ್ಲಿ ತಾಳೆ ನೋಡುವುದು ನಿಲ್ಲಲಿಲ್ಲ: ಅಂಗಳದ ಒಳಬಾಗಿಲು ಹಾಕಿದೆನೇ? ಹಾಕಿದೆ. ಎಳೆದು ನೋಡಿದೆನೇ?

ಅತ್ತಿಗೆ ಫೈಲುಗಳನ್ನು ಹುರಿಯಿಂದ ಬಿಗಿಯುತ್ತಿದ್ದಳು. ಬಾಯಲ್ಲೂ ಒಂದು ತುಂಡು ಹುರಿ.

"ಅತ್ತಿಗೆ, ಮರೀನ ಕೊಲ್ತಿದಾರೆ."

ಅತ್ತಿಗೆ ಹುರಿ ಉಗುಳಿದಳು. "ಗೊತ್ತು. ನಂಗೇನು ಸಂತೋಷಾನಾ? ಅವತ್ತೇ ಕೇಳಿದೆ, ಸರಿಯಾಗಿ ನೋಡಿ ಹೇಳು ಅಂತ. ಎರಡು ಸಲ ನೋಡಿದೀನಿ ಅಂದೋಳು ನೀನು."

"ನಾನು ನೋಡಿದ್ದು ಪುಸ್ತಕ! ಆಫ್ರಿಕಾದಲ್ಲಿ ಅದು ಎಲ್ಲಿ ಬದುಕುತ್ತೆ ಅಂತ ಹೇಳಿದೆ. ಪಶ್ಚಿಮ ಅಂದ್ರೆ ಪಶ್ಚಿಮ ಉದ್ಯಾನ ಅಲ್ಲ ಅತ್ತಿಗೆ."

ಅತ್ತಿಗೆಯ ಕೈ ಗಂಟಿನ ಮೇಲೆ ನಿಂತಿತು. ಒಂದು ಗಳಿಗೆ ಅವಳ ಮುಖದಲ್ಲಿ ನಗು ಬರುವಂತಾಯಿತು, ಬಂದೂ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ಬೆಳಿಗ್ಗೆ ಹೋಯ್ತಲ್ಲ, ಆ ಗಂಡು?"

"ಅದೂ ನಾನು ಹೇಳಿದ್ದಕ್ಕೇ ಹೋಗಿದ್ದು. ಮೂರೂ ಒಟ್ಟಿಗೆ ಹೋಗಬೇಕಿತ್ತು."

"ಅಯ್ಯೋ ನಿನ್ನ ಓದಿಗೆ ಬೆಂಕಿ ಹಾಕ! ನನ್ನ ತಮ್ಮ ಸಂಜೆ ಹೊತ್ತು ತಾನೇ ಬೇಯಿಸಿಕೊಂಡು ತಿಂದು ನಿನ್ನ ಕಾಲೇಜಿಗೆ ಕಳಿಸಿದ್ದು ಇದಕ್ಕೇನೇ? ಎಲ್ಲಿಗೆ ಕಳಿಸೋದು ಅಂತ ಕೇಳಿದ್ರೆ ಭೂಗೋಳ ಹೇಳ್ತೀಯಲ್ಲ!"

"ಬೈಯಿರಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಈಗ ತಿದ್ದಿ."

"ನಾನು ತಿದ್ದೋದಲ್ಲ ಕಣೇ ಅದು. ಸಾಹೇಬರ ರುಜು ಬಿದ್ದಾಗಿದೆ, ಅವರು ಫೋನೂ ಎತ್ತಲ್ಲ." ಅತ್ತಿಗೆ ಕುರ್ಚಿಗೆ ಕುಸಿದು ಹಣೆ ಒತ್ತಿಕೊಂಡಳು. "ಒಂದೇ ದಾರಿ. ತಗೊಳ್ಳೋರೇ ಬೇಕು ಅಂದ್ರೆ ನಾನು ಸೇರಿಸಬಹುದು. ದಕ್ಷಿಣ ಉದ್ಯಾನದ ಮೇಡಂ. ಆದರೆ ಅವರು ಶುದ್ಧ ತಳಿ ಇದ್ರೆ ಮಾತ್ರ ತಗೊಳ್ತಾರೆ. ಮಿಶ್ರ ಅಂದ್ರೆ ಫೋನ್ ಇಟ್ಟುಬಿಡ್ತಾರೆ. ನೀನು ಮಾತಾಡು. ಆದರೆ ಕೇಳಿಲ್ಲಿ, ಕೇಳಿದ್ದಕ್ಕಷ್ಟೇ ಉತ್ತರ ಹೇಳು. ಕೇಳದೆ ಇದ್ದದ್ದನ್ನ ಕರೆದು ಕೂರಿಸಿ ಉಪಚಾರ ಮಾಡಬೇಡ."

ಫೋನ್ ಹತ್ತಿತು. ಆ ಕಡೆಯ ದನಿ ಒರಟಾಗಿರಲಿಲ್ಲ. ದಣಿದಿತ್ತು ಅಷ್ಟೆ.

"ಮರಿ ಇದೆ ಅಂತ ನಮಗೆ ತಿಳಿಸೇ ಇಲ್ಲವಲ್ಲ?"

"ತಪ್ಪಾಯ್ತು ಮೇಡಂ. ಹೆಣ್ಣುಮರಿ. ಆರೋಗ್ಯವಾಗಿದೆ. ತಾಯಿ ಜೊತೆ ಬಂದುಬಿಡುತ್ತೆ."

"ತಂದೆ ಯಾವುದು?"

ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟಳು. ತಾಳೆ ಗೊತ್ತಿಲ್ಲ ಎಂದರೆ ಸಾಕಿತ್ತು. ಆದರೆ ಗೊತ್ತಿತ್ತು.

"ಪಶ್ಚಿಮದ್ದು ಮೇಡಂ. ಗೀರುಗಳಿರೋದು."

"ತಾಯಿ ದಕ್ಷಿಣದ್ದು. ಹಾಗಾದ್ರೆ ಎರಡು ಪ್ರಭೇದ ಕೂಡಿ ಹುಟ್ಟಿದ್ದು. ಇಲ್ಲಮ್ಮ. ನಮ್ಮಲ್ಲಿರೋ ಅಂಗಳಗಳೇ ಸಾಲ್ತಿಲ್ಲ. ನಾಳೆ ಅದು ನಮ್ಮ ಗಂಡಿನ ಜೊತೆ ಸೇರಿದ್ರೆ ನಮ್ಮ ಹಿಂಡೇ ಕೆಡುತ್ತೆ. ಕ್ಷಮಿಸಿ."

ಫೋನ್ ಇಟ್ಟುಬಿಟ್ಟರು.

ಅತ್ತಿಗೆ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಕಡೆ ತಿರುಗಿ, "ನಿನ್ನ ಬಾಯಿಗೆ ಅಗುಳಿ ಹಾಕೋಕೆ ಆ ದೇವರಿಗೇ ಮರೆತುಹೋಯ್ತು" ಎಂದು ಮೆಲ್ಲಗೆ ಹೇಳಿದಳು.

ತಾಳೆ ನೆಲದ ಮೇಲೆ, ಫೈಲುಗಳ ನಡುವೆ ಕೂತಳು. ಅಂಗಳದ ಕಡೆಯಿಂದ ಬೊಗಳುವ ಸದ್ದು ಕೇಳಿಸಿತು. ನಾಯಿಯದಲ್ಲ, ತಾಯಿಹುಲ್ಲೆಯದು. ಅಪರಿಚಿತರು ಹತ್ತಿರ ಬಂದರೆ ಪೊದೆಹುಲ್ಲೆ ಹಾಗೆ ಗಡಸಾಗಿ ಬೊಗಳುತ್ತದೆ. ಡಾಕ್ಟರ ಟೀ ಮುಗಿದಿರಬೇಕು.

ಅವಳಿಗೆ ತರಗತಿಯ ಕಪ್ಪುಹಲಗೆ ನೆನಪಾಯಿತು. ಮೇಷ್ಟ್ರು ಖಂಡದ ಚಿತ್ರ ಬರೆದು, ಪಶ್ಚಿಮಕ್ಕೆ ಕೆಂಪು ಸೀಮೆಸುಣ್ಣ, ದಕ್ಷಿಣಕ್ಕೂ ಪೂರ್ವಕ್ಕೂ ಹಳದಿ ಬಳಿದಿದ್ದರು. ಮೊದಲು ಇದೆಲ್ಲ ಒಂದೇ ಪ್ರಭೇದ ಎನ್ನುತ್ತಿದ್ದರು, ಒಳಗೆ ಹತ್ತಾರು ಉಪಜಾತಿಗಳೆಂದು ಹೆಸರಿಟ್ಟಿದ್ದರು. ಈಗ ರಕ್ತ ಪರೀಕ್ಷೆ ಮಾಡಿದವರು ಎರಡು ಪ್ರಭೇದ ಎನ್ನುತ್ತಾರೆ. ಅದನ್ನು ಒಪ್ಪದವರೂ ಇದ್ದಾರೆ. ಹೀಗೆ ಹೇಳುತ್ತ ಅವರು ಕೆಂಪು ಹಳದಿ ಕೂಡುವ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿದ್ದರು. ಬಣ್ಣ ಎರಡೂ ಕಲೆತು ಕಿತ್ತಳೆಯಾಗಿತ್ತು. "ಇಲ್ಲಿ ಏನು ನಡೆಯುತ್ತೋ ನನಗೆ ತಿಳಿಯದು. ಪರೀಕ್ಷೆಯಲ್ಲಿ ಎರಡು ಅಂತ ಬರೀರಿ" ಎಂದಿದ್ದರು. ತಾಳೆ ಎರಡು ಎಂದು ಬರೆದುಕೊಂಡು ಕೆಳಗೆ ಗೆರೆ ಎಳೆದಿದ್ದಳು. ಅವಳಿಗೆ ತಿಳಿಯದ್ದೂ ಅದೇ, ತಿಳಿದವರಿಗೆ ತಿಳಿಯದ್ದೂ ಅದೇ. ಹಾಗಿದ್ದರೂ ಆ ಕಿತ್ತಳೆ ಬಣ್ಣದ ಮೇಲೆ ಒಂದು ಜೀವ ನಿಂತಿತ್ತು.

"ಇನ್ನೊಂದು ಸಲ ಮಾಡಿಕೊಡಿ ಅತ್ತಿಗೆ."

"ಏನು ಹೇಳ್ತೀಯ?"

"ಗೊತ್ತಿಲ್ಲ. ಮಾಡಿ."

ಮೇಡಂ ಫೋನ್ ಎತ್ತಲು ತಡಮಾಡಿದರು. ಎತ್ತಿದಾಗ ತಾಳೆಯ ದನಿ ತನ್ನದೇ ಅಲ್ಲವೆಂಬಂತೆ ಸಣ್ಣಗಾಗಿತ್ತು.

"ಮೇಡಂ, ಫೋನ್ ಇಡಬೇಡಿ. ಒಂದೇ ಪ್ರಭೇದ ಅನ್ನೋರೂ ಇದ್ದಾರೆ. ಈಗಲೂ ಇದ್ದಾರೆ. ನಾನು ಆ ಕಡೆ."

"ಯಾವಾಗಿನಿಂದ?"

"ಈಗಿನಿಂದ."

ಆ ಕಡೆ ಯಾರೋ ಬಾಗಿಲು ಹಾಕಿದ ಸದ್ದು.

"ಸೂಜಿ ಹಿಡಿದು ನಿಂತಿದಾರೆ ಮೇಡಂ. ನಾನು ಫೋನಲ್ಲಿ ಒಂದು ಮಾತು ತಪ್ಪು ತಿಳ್ಕೊಂಡೆ, ಅದಕ್ಕೇ ಅದಕ್ಕೆ ಜಾಗ ಇಲ್ಲದ ಹಾಗಾಯ್ತು. ಎರಡು ಅಂತ ನಾನೇ ಪರೀಕ್ಷೇಲಿ ಬರೆದಿದೀನಿ. ಅದು ಸರಿಯೋ ತಪ್ಪೋ ಗೊತ್ತಿಲ್ಲ. ಎರಡೇ ಇದ್ರೂ ಅದರ ತಪ್ಪೇನು? ಮರಿ ಹಾಕಿಸಬೇಡಿ. ಗಂಡಿನ ಹತ್ರ ಬಿಡಬೇಡಿ. ಒಂದು ಮೂಲೆ ಕೊಡಿ."

"ಮೂಲೆ ಅಂದ್ರೆ ಏನು ಗೊತ್ತಾ ನಿಮಗೆ?" ಮೇಡಂ ನಿಧಾನವಾಗಿ ಕೇಳಿದರು. "ತಾಯಿ ಹೋಗೋದು ನಮ್ಮ ಗಂಡಿನ ಅಂಗಳಕ್ಕೆ. ಮರಿ ಅಲ್ಲಿಗೆ ಹೋಗೋ ಹಾಗಿಲ್ಲ. ಹಳೇ ಕ್ವಾರಂಟೈನ್ ಕೊಠಡಿ ಹಿಂದೆ ಒಂದು ಚೂರು ಜಾಗ ಇದೆ. ಮೂರು ಕಡೆ ಗೋಡೆ. ಅದು ಅಲ್ಲೇ ಇರಬೇಕಾಗುತ್ತೆ. ಒಂಟಿಯಾಗಿ. ಸಾಯೋವರೆಗೂ. ಇಳಿಸಿದ ಕೂಡಲೇ ಬೇರೆ ಮಾಡ್ತೀವಿ, ಒಂದು ದಿನಾನೂ ಜೊತೆಗೆ ಬಿಡಲ್ಲ. ಒಪ್ಪಿಗೇನಾ?"

ಮರಿ ಮಲಗುವುದು ತಾಯಿಯ ಹೊಟ್ಟೆಗೆ ಬೆನ್ನು ಕೊಟ್ಟು. ಹುಟ್ಟಿದ ಹೊಸದರಲ್ಲಿ ಅದರ ಜಾಡು ಯಾರ ಮೂಗಿಗೂ ಬೀಳಬಾರದೆಂದು ತಾಯಿ ಅದರ ಹಿಕ್ಕೆಯನ್ನೂ ತಾನೇ ತಿಂದು ಮುಗಿಸುತ್ತಿತ್ತು. ಕಸ ಗುಡಿಸಲು ಹೋದ ತಾಳೆಗೆ ಅಲ್ಲಿ ಕಸವೇ ಸಿಗುತ್ತಿರಲಿಲ್ಲ. ಅಷ್ಟು ಮಾಡಿ ಅಡಗಿಸಿ ಸಾಕಿದ ಜೀವ.

"ಹಲೋ? ಇದ್ದೀರಾ?"

"ಒಪ್ಪಿಗೆ" ಎಂದಳು ತಾಳೆ. ಅತ್ತಿಗೆ ಅವಳ ಕೈಯಿಂದ ಫೋನ್ ಕಿತ್ತುಕೊಂಡು, ಮೇಡಂ ಮನಸ್ಸು ಬದಲಾಯಿಸುವ ಮುನ್ನ ಹೆಸರು, ಹುದ್ದೆ ಎಲ್ಲ ಕೇಳಿ ಗೀಚಿಕೊಂಡಳು.

ಅಂಗಳದ ಹೊರಗೆ ಡಾಕ್ಟರು ಕಲ್ಲಿನ ಮೇಲೆ ಕೂತಿದ್ದರು. ಬೀಗದಣ್ಣ ಜೇಬುಗಳನ್ನೆಲ್ಲ ಹೊರಳಿಸಿ ತೋರಿಸುತ್ತ, "ಈ ಜೇಬಲ್ಲೂ ಇಲ್ಲ ನೋಡಿ ಸಾರ್, ವಯಸ್ಸಾಯ್ತು" ಎನ್ನುತ್ತಿದ್ದ. ಗೊಂಚಲು ಅವನ ಸೊಂಟದಲ್ಲೇ ಝಣಝಣ ಎನ್ನುತ್ತಿತ್ತು. ತಾಳೆಯ ಮುಖ ನೋಡಿ ಇಬ್ಬರೂ ಎದ್ದರು.

"ತಗೊಳ್ತಾರೆ" ಎಂದಳು.

ಡಾಕ್ಟರು ಚೀಲ ತೆರೆದು ಒಂದು ಸೀಸೆ ಒಳಗಿಟ್ಟು ಇನ್ನೊಂದು ತೆಗೆದರು. "ಹಾಗಾದ್ರೆ ಮತ್ತು ಬರೋದು ಕೊಡ್ತೀನಿ, ಸ್ವಲ್ಪವೇ. ಹೆದರಿ ಓಡಿ ಓಡಿ ಎದೆ ಒಡೆದು ಸಾಯೋ ಜಾತಿ ಇವು. ಪೆಟ್ಟಿಗೆ?"

ಪೆಟ್ಟಿಗೆ ಒಂದೇ ಇತ್ತು. ಬೀಗದಣ್ಣ ಕೋತಿಮನೆಯಿಂದ ಒಂದು ಹಲಗೆ ಕಿತ್ತು ತಂದು ನಡುವೆ ಅಡ್ಡ ಹೊಡೆಯತೊಡಗಿದ. ಹೆದರಿದ ತಾಯಿ ಇಕ್ಕಟ್ಟಿನಲ್ಲಿ ಮರಿಯನ್ನೇ ತುಳಿಯಬಹುದು ಎಂದರು ಡಾಕ್ಟರು. ಹಲಗೆ ಅಳತೆಗೆ ಕೂಡಲಿಲ್ಲ. ಮೇಲೆ ಒಂದು ಗೇಣು ಸಂದು ಉಳಿಯಿತು.

ಮರಿ ಸುಲಭವಾಗಿ ಸಿಗಲಿಲ್ಲ. ಪೊದೆಯಿಂದ ಎದ್ದದ್ದೇ ಬೇಲಿಗೆ ನುಗ್ಗಿತು, ಬಿತ್ತು, ಮತ್ತೆ ನುಗ್ಗಿತು. ಮೂಗಿನಿಂದ ರಕ್ತ ಬಂತು. ತಾಳೆ ಕೈ ಚಾಚಿ "ಬಾ, ಬಾ ತಾಯಿ, ನಾನೇ ಕಣೇ" ಎನ್ನುತ್ತ ಹಿಂದೆ ಹಿಂದೆ ಹೋದಳು. ಪ್ರತಿದಿನ ಅದೇ ಕೈಯಿಂದ ಎಲೆ ತಿಂದ ಮರಿ ಈಗ ಆ ಕೈ ಕಂಡರೆ ಬೇಲಿಯ ಕಡೆ ಓಡುತ್ತಿತ್ತು. ಕೊನೆಗೆ ಮೂಲೆಯಲ್ಲಿ ಕಾಲು ಮಡಚಿ ಬಿದ್ದಾಗ ಡಾಕ್ಟರು ತೊಡೆಗೆ ಸೂಜಿ ಹಾಕಿದರು. ಇದು ಯಾವ ಸೀಸೆ ಎಂದು ತಾಳೆ ಕೇಳಿದಳು. ಡಾಕ್ಟರು ತೋರಿಸಿದರು. ಮತ್ತೆ ಕೇಳಿದಳು. ಮತ್ತೆ ತೋರಿಸಿದರು.

ಪೆಟ್ಟಿಗೆಯಲ್ಲಿ ಹಲಗೆಯಾಚೆ ಮಲಗಿಸಲು ಎತ್ತಿಕೊಂಡಾಗ ಅದರ ಎದೆ ಅವಳ ಎದೆಗೆ ಬಡಿಯುತ್ತಿತ್ತು. ಕೆಂಪು ಮೈಯ ಮೇಲೆ ತಂದೆಯ ಗೀರುಗಳು ಅರ್ಧಕ್ಕೇ ನಿಂತು, ಅಲ್ಲಿಂದ ಮುಂದೆ ತಾಯಿಯ ಚುಕ್ಕೆಗಳಾಗಿದ್ದವು.

ತಾಯಿ ಮಾತ್ರ ಅಭ್ಯಾಸದಂತೆ ಮೇವಿನ ಹಿಂದೆ ತಾನಾಗಿ ಪೆಟ್ಟಿಗೆ ಹೊಕ್ಕಿತು. ಬಾಗಿಲು ಇಳಿದಾಗ ಬೆಚ್ಚಲಿಲ್ಲ. ಮೇವನ್ನೂ ಮುಟ್ಟದೆ ಹಲಗೆಯ ಮೇಲಿನ ಸಂದಿಗೆ ಕತ್ತು ಚಾಚಿ, ಆಚೆ ತೂಕಡಿಸುತ್ತಿದ್ದ ಮರಿಯ ಕಿವಿಯನ್ನು ನೆಕ್ಕತೊಡಗಿತು. ಬೀಗದಣ್ಣ ಮೂಗು ಒರೆಸಿಕೊಂಡು, "ಅಳತೆ ತಪ್ಪಿದ್ದೇ ಒಳ್ಳೇದಾಯ್ತು" ಎಂದ.

ಎಲ್ಲರೂ ಸೇರಿ ಪೆಟ್ಟಿಗೆಯನ್ನು ಲಾರಿಗೆ ಏರಿಸಿದರು. ಬಿಸಿಲು ಬೀಳದಂತೆ ಮೇಲೆ ಒದ್ದೆ ಗೋಣಿ ಹೊದಿಸಿದರು. ಅತ್ತಿಗೆ ಉಸಿರು ಬಿಡುತ್ತ ಬಂದು ತಿದ್ದಿದ ಹಾಳೆಯನ್ನು ಚಾಲಕನ ಕೈಗೆ ಕೊಟ್ಟಳು. ಅವನು ಗೋಣಿಯ ಅಂಚು ಎತ್ತಿ ಒಳಗೆ ನೋಡಿದ. ಒಳ್ಳೆಯ ಮನುಷ್ಯನ ಹಾಗಿದ್ದ.

"ಅಮ್ಮ ಮಗಳಾ? ಹೋಗಲಿ ಬಿಡಿ, ಜೊತೆ ಇದೆ, ಹೆದರಲ್ಲ" ಎಂದ. ಹತ್ತಿ ಕೂತು, ಚಾವಿ ತಿರುಗಿಸುವ ಮುನ್ನ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ. "ಅಲ್ಲಿ ಇಳಿಸೋವಾಗ ಹಲಗೆ ಕಿತ್ತು ಎರಡನ್ನೂ ಒಟ್ಟಿಗೆ ಬಿಡೋಕೆ ಹೇಳ್ಲಾ ಅಮ್ಮಾ?"

ಅತ್ತಿಗೆ ಬೇರೆ ಕಡೆ ನೋಡಿದಳು. ಡಾಕ್ಟರು ಚೀಲದ ಕೊಂಡಿ ಹಾಕುತ್ತಿದ್ದರು. ಪೆಟ್ಟಿಗೆಯೊಳಗೆ ನೆಕ್ಕುವ ಸದ್ದು ಗೋಣಿಯಡಿಯಿಂದ ಸಣ್ಣಗೆ ಕೇಳುತ್ತಲೇ ಇತ್ತು.

ತಾಳೆ ಲಾರಿಯ ಬಾಗಿಲ ಹತ್ತಿರ ಹೋದಳು. ಈ ಸಲ ಅವನಿಗೆ ಮಾತು ತಪ್ಪಾಗಿ ಕೇಳಿಸಬಾರದಿತ್ತು.

"ಬೇಡ" ಎಂದಳು. "ಮೊದಲು ತಾಯೀನ ಇಳಿಸಿಕೊಳ್ಳಲಿ. ಮರೀದು ಬೇರೆ ಜಾಗ. ಒಟ್ಟಿಗೆ ಬಿಡೋ ಹಾಗಿಲ್ಲ." ಅವನು ತಲೆಯಾಡಿಸಿದ. ಅರ್ಥವಾಯಿತೋ ಇಲ್ಲವೋ ಎಂದು ಅವನ ಮುಖವನ್ನೇ ನೋಡುತ್ತ ಅವಳು ಇನ್ನೊಂದು ಸಲ ಹೇಳಿದಳು, ಒಂದೊಂದೇ ಮಾತಾಗಿ.